ಸ್ವಿಚ್ಚು ತಿರುಗಿಸಿದರೆ ಗುಡ್ಡ ಹತ್ತುವುದೇ?

ಪುಣೆಯಿಂದ ನಮ್ಮ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಕುಂದಾಪುರದ ಕಡೆಯವರು, ಇಪ್ಪತ್ತೆಂಟು ವರ್ಷಗಳಿಂದ ವಾಹನ ನಡೆಸಿಯೇ ಸಂಸಾರವನ್ನು ಸಾಗಿಸಿಕೊಂಡು ಬಂದವರು. ಮೊದಲ ಹತ್ತು ವರ್ಷ ಘಟ್ಟದ ಮೇಲಿನ ತೋಟಗಳಲ್ಲಿ ಜೀಪು. ತರುವಾಯ ಪುಣೆಯಲ್ಲಿ ಗುತ್ತಿಗೆದಾರರೊಬ್ಬರ ಬಳಿ ಡ್ರೈವರಿಕೆ. ಸಹ್ಯಾದ್ರಿಯ ಮಗ್ಗುಲಲ್ಲಿ ನಡೆಯುವ ಕಾಮಗಾರಿಗಳಿಗೆ ಯಜಮಾನರನ್ನೂ ಎಂಜಿನಿಯರರನ್ನೂ ಮಳೆಗಾಲದಲ್ಲಿ ಕರೆದೊಯ್ಯುವುದು ಅವರ ನಿತ್ಯದ ಕೆಲಸ. ಈಗ ಯಜಮಾನರು ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಹೊಸ ವಾಹನವೊಂದನ್ನು ಕೊಂಡಿರುವರು. ಗಿಯರು ಹಿಡಿಯ ಪಕ್ಕದಲ್ಲಿ ಒಂದು ತಿರುಗುವ ಸ್ವಿಚ್ಚು. ಅದರ ಸುತ್ತ ಹಿಮ, ಕೆಸರು, ಮರಳು ಎಂದು ಚಿತ್ರಗಳು. ‘ಮಣ್ಣಿನ ಹಾದಿ ಬಂದೊಡನೆ ಅದನ್ನು ತಿರುಗಿಸು, ಮಿಕ್ಕದ್ದನ್ನು ಯಂತ್ರ ನೋಡಿಕೊಳ್ಳುವುದು’ ಎಂಬುದು ಯಜಮಾನರ ಕಟ್ಟಪ್ಪಣೆ. ನಮ್ಮ ವಾಚಕರ ಕೈಗೂ ಕಾಲಿಗೂ ಅದು ಒಗ್ಗುತ್ತಿಲ್ಲ. ‘ನಾಳೆ ವಾಹನ ಜಾರಿ ಕೆಳಗಿಳಿದರೆ ತಪ್ಪು ಯಾರದು? ಸ್ವಿಚ್ಚು ತಿರುಗಿಸಿದ್ದರೂ ನನ್ನದೇ, ತಿರುಗಿಸದಿದ್ದರೂ ನನ್ನದೇ. ಇಷ್ಟು ವರ್ಷ ಕಲಿತದ್ದಕ್ಕೆ ಬೆಲೆ ಉಂಟೋ ಇಲ್ಲವೋ, ತಿಳಿಸಿ’ ಎಂದು ಕೇಳಿದ್ದಾರೆ.

ಪ್ರಶ್ನೆ ಸಣ್ಣದಲ್ಲ. ನಮ್ಮ ಓದುಗರಲ್ಲಿ ಹೋಟೆಲು ಕಾರ್ಮಿಕರಂತೆಯೇ ಡ್ರೈವರುಗಳೂ ಬಹಳ ಮಂದಿ ಇರುವರು; ಪಡುಗಡಲ ತೀರದಿಂದ ಬಂದವರಲ್ಲಿ ತಟ್ಟೆ ಹಿಡಿಯದವನು ಸ್ಟಿಯರಿಂಗು ಹಿಡಿದನೆಂಬ ಮಾತೇ ಉಂಟು. ಆದುದರಿಂದ ಈ ವಿಷಯವನ್ನು ತುಸು ಬಿಡಿಸಿ ನೋಡುವುದು ಯುಕ್ತವೆಂದು ತೋರಿತು.

ಮೊದಲು ಆ ಸ್ವಿಚ್ಚಿನ ಪೂರ್ವೋತ್ತರ. ಇಂತಹ ಏರ್ಪಾಟನ್ನು ಮೊದಲಿಗೆ ಪ್ರಸಿದ್ಧಿಗೆ ತಂದದ್ದು ಇಂಗ್ಲೆಂಡಿನ ಲ್ಯಾಂಡ್ ರೋವರ್ ಕಂಪೆನಿ. 2004ರಲ್ಲಿ ಹೊರಬಂದ ಅವರ ಡಿಸ್ಕವರಿ 3 ಎಂಬ ವಾಹನದಲ್ಲಿ ಅದಕ್ಕೆ ‘ಟೆರೇನ್ ರೆಸ್ಪಾನ್ಸ್’ ಎಂದು ಹೆಸರಿಟ್ಟರು. ಸಾಮಾನ್ಯ ರಸ್ತೆ, ಹುಲ್ಲು-ಜಲ್ಲಿ-ಹಿಮ, ಕೆಸರು ಮತ್ತು ಗಾಲಿಜಾಡು, ಮರಳು, ಬಂಡೆ ಎಂದು ಐದು ಸ್ಥಾನಗಳು. ಆ ಕಂಪೆನಿ 2008ರಲ್ಲಿ ನಮ್ಮ ಟಾಟಾದವರ ಕೈಗೆ ಬಂದುದು ಎಲ್ಲರೂ ಬಲ್ಲ ಸಂಗತಿ. ಜೀಪ್ ಕಂಪೆನಿಯವರು ‘ಸೆಲೆಕ್ ಟೆರೇನ್’ ಎಂದೂ ಟೊಯೋಟಾದವರು ‘ಮಲ್ಟಿ ಟೆರೇನ್ ಸೆಲೆಕ್ಟ್’ ಎಂದೂ ಇದೇ ಬಗೆಯದನ್ನು ತಂದರು. ನಮ್ಮಲ್ಲಿ ಮಹೀಂದ್ರಾದವರ ಸ್ಕಾರ್ಪಿಯೋ-ಎನ್ 2022ರಲ್ಲಿಯೂ ಥಾರ್ ರಾಕ್ಸ್ 2024ರಲ್ಲಿಯೂ ಇಂತಹ ಮೋಡ್‌ಗಳನ್ನು ಹೊತ್ತು ಬಂದವು. ಹೀಗೆ, ಒಂದು ಕಾಲದಲ್ಲಿ ಸಿರಿವಂತರ ಅಂಗಳದಲ್ಲಿ ಮಾತ್ರವಿದ್ದ ಸ್ವಿಚ್ಚು ಈಗ ಗುತ್ತಿಗೆದಾರನ, ತೋಟಗಾರನ, ಪ್ರವಾಸಿ ಜೀಪಿನವನ ಕೈಗೂ ಎಟುಕಿದೆ.

ಇದರಲ್ಲಿ ಒಂದು ಭ್ರಮೆಯನ್ನು ಮೊದಲೇ ಕಳೆಯಬೇಕು. ಸ್ವಿಚ್ಚು ತಿರುಗಿಸಿದೊಡನೆ ವಾಹನಕ್ಕೆ ಹೊಸ ಬಲವೇನೂ ಬರುವುದಿಲ್ಲ. ಎಂಜಿನು ಅದೇ, ಟಯರು ಅದೇ, ಹೊಟ್ಟೆಯ ಕೆಳಗಿನ ಎತ್ತರವೂ ಬಹುತೇಕ ಅದೇ. ಗಾಳಿಬುಗ್ಗೆಗಳಿರುವ ಕೆಲವು ಬೆಲೆಬಾಳುವ ವಾಹನಗಳು ಮಾತ್ರ ಸ್ವಲ್ಪ ಮೇಲೇಳುತ್ತವೆ. ಬದಲಾಗುವುದು ವಾಹನದ ನಡವಳಿಕೆ. ಬಂಡೆಯ ಮೋಡ್‌ನಲ್ಲಿ ಎಕ್ಸಿಲರೇಟರನ್ನು ಅರ್ಧ ಒತ್ತಿದರೂ ಎಂಜಿನು ಮೆಲ್ಲಗೆ ಮಾತ್ರ ಓಗೊಡುತ್ತದೆ. ಕಾಲು ಅಲುಗಿದರೆ ವಾಹನ ನೆಗೆಯಬಾರದೆಂದು. ಮರಳಿನ ಮೋಡ್‌ನಲ್ಲಿ ಚುರುಕಾಗಿ ಓಗೊಡುತ್ತದೆ. ಅಲ್ಲಿ ವೇಗ ಸತ್ತರೆ ಚಕ್ರ ಹೂತುಹೋಗುವುದೆಂದು. ಆಟೊಮ್ಯಾಟಿಕ್ ಗಿಯರು ಯಾವಾಗ ಬದಲಾಗಬೇಕು, ಚಕ್ರ ಎಷ್ಟು ತಿರುಗಿ ಜಾರಿದ ಮೇಲೆ ಬ್ರೇಕು ಹಿಡಿಯಬೇಕು, ಡಿಫರೆನ್ಶಿಯಲ್ಲಿಗೆ ಬೀಗ ಬೀಳಬೇಕೋ ಬೇಡವೋ, ಇವೆಲ್ಲ ಒಂದೇ ತಿರುವಿನಲ್ಲಿ ಹೊಂದಿಕೊಳ್ಳುತ್ತವೆ. ಬಲ್ಲ ಚಾಲಕನು ಕಾಲಿನಿಂದಲೂ ಕಿವಿಯಿಂದಲೂ ಮಾಡುತ್ತಿದ್ದುದನ್ನು ಕಾರ್ಖಾನೆಯ ಎಂಜಿನಿಯರನು ಮುಂಗಡವಾಗಿ ಬರೆದಿಟ್ಟುದೇ ಮೋಡ್ ಎಂದರೆ ತಪ್ಪಾಗಲಾರದು.

ಹೋಟೆಲಿನವರಿಗೆ ಇದು ಬೇಗ ತಿಳಿಯುವುದು. ದೋಸೆಯ ಕಾವಲಿಗೆ ನೀರು ಚಿಮುಕಿಸಿ, ಅದು ಚುಯ್ ಎನ್ನುವ ಸದ್ದಿನಿಂದಲೇ ಹದವನ್ನು ತಿಳಿಯುವ ಭಟ್ಟರಿಗೆ ಕಾವು ತೋರಿಸುವ ಮುಳ್ಳಿನ ಹಂಗಿಲ್ಲ. ನಿನ್ನೆ ಸೇರಿದ ಹುಡುಗನಿಗೆ ಆ ಮುಳ್ಳೇ ದೇವರು. ಆದರೆ ಭಾನುವಾರ ಬೆಳಿಗ್ಗೆ ಒಮ್ಮೆಲೇ ನಲವತ್ತು ದೋಸೆಯ ಆರ್ಡರು ಬಿದ್ದು, ಅತ್ತ ಚಟ್ನಿ ಮುಗಿದು, ಇತ್ತ ಸಪ್ಲೈಯರು ಕೂಗುವ ಹೊತ್ತಿಗೆ, ತಾನಾಗಿ ಕಾವು ಹಿಡಿದಿಡುವ ಕಾವಲಿಯನ್ನು ಭಟ್ಟರೂ ಬೇಡವೆನ್ನುವುದಿಲ್ಲ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇನ್ನು ಮುಖ್ಯ ವಿಷಯ. ಮೋಡ್ ಬೇರೆ, ಅದರ ಕೈಕೆಳಗೆ ದುಡಿಯುವ ಬ್ರೇಕಿನ ಯಂತ್ರ ಬೇರೆ. ಈ ಎರಡನ್ನು ಬೆರೆಸಿಕೊಂಡು ವಾದ ಮಾಡುವುದರಿಂದಲೇ ಹಳಬರಿಗೂ ಹೊಸಬರಿಗೂ ಜಗಳ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕಾದುದರಿಂದ ಅಚ್ಚಿನ ನಡುವೆ ಡಿಫರೆನ್ಶಿಯಲನ್ನು ಇಟ್ಟಿರುವರು. ಅದರ ಗುಣವೂ ದೋಷವೂ ಒಂದೇ: ಒಂದು ಚಕ್ರ ಹಿಡಿತ ತಪ್ಪಿ ಗರಗರನೆ ತಿರುಗತೊಡಗಿದರೆ, ನೆಲ ಕಚ್ಚಿದ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಲ್ಲುವುದು. ನಾಲ್ಕೂ ಚಕ್ರದ ಜೀಪೆಂದು ಹೆಸರಿದ್ದರೂ, ಓರೆಯಾಗಿ ಹಳ್ಳ ದಾಟುವಾಗ ಮುಂದಿನ ಒಂದು, ಹಿಂದಿನ ಅದರೆದುರು ಬದಿಯ ಒಂದು ಚಕ್ರ ಹಗುರಾದವೆಂದರೆ ಜೀಪು ನಿಂತಲ್ಲೇ ನಿಲ್ಲುವುದು. ಹಳಬರು ಇದಕ್ಕೆ ಎಡಗಾಲಿನಿಂದ ಬ್ರೇಕನ್ನು ತುಸು ಒತ್ತಿ, ಬಲಗಾಲಿನಿಂದ ಎಕ್ಸಿಲರೇಟರು ಕೊಡುವ ಉಪಾಯ ಮಾಡುತ್ತಿದ್ದರು. ಆದರೆ ಒಂದು ಪೆಡಲಿನಿಂದ ನಾಲ್ಕೂ ಚಕ್ರಕ್ಕೆ ಬ್ರೇಕು ಬೀಳುವುದು. ಹೊಸ ಯಂತ್ರವಾದರೋ ಬರಿದೆ ತಿರುಗುವ ಆ ಒಂದು ಚಕ್ರವನ್ನು ಮಾತ್ರ ಹಿಡಿಯುತ್ತದೆ. ಹಿಡಿದಷ್ಟೂ ಬಲ ನೆಲ ಕಚ್ಚಿದ ಚಕ್ರಕ್ಕೆ ಹೋಗುತ್ತದೆ. ಎಷ್ಟೇ ಪಳಗಿದ ಚಾಲಕನಾದರೂ ಒಂದು ಕಾಲಿನಿಂದ ನಾಲ್ಕು ಬ್ರೇಕುಗಳನ್ನು ಬೇರೆಬೇರೆಯಾಗಿ ತುಳಿಯಲಾರನು. ಈ ಮಾತನ್ನು ಹಳಬರು ಒಪ್ಪಿಕೊಳ್ಳಲೇಬೇಕು.

ಇದು ನಮಗೆ ಪುಸ್ತಕದಿಂದ ತಿಳಿದುದಲ್ಲ. 2024ರ ಆಷಾಢದಲ್ಲಿ ನಾವು ಊರಿಗೆ ಹೋಗಿದ್ದೆವು. ಹೊಸನಗರ ತಾಲೂಕಿನಲ್ಲಿ, ಘಟ್ಟದ ನೆತ್ತಿಗೆ ಸಮೀಪ, ನಮ್ಮ ಸೋದರತ್ತೆಯ ತೋಟದ ಮನೆ. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ಏರು. ಸಂಜೆಗೆ ಅತ್ತೆಗೆ ಉಸಿರು ಕಟ್ಟತೊಡಗಿತು. ಮಳೆ ಬಿಡುವಂತಿರಲಿಲ್ಲ. ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬರಬಲ್ಲುದೇ ಹೊರತು ಕೆಳಗಿಳಿಯಲಾರದು. ಆ ಕೇರಿಗೆಲ್ಲ ಆಧಾರವಾಗಿದ್ದ ಹಳೆಯ ಜೀಪಿನ ಗಿಯರು ಪೆಟ್ಟಿಗೆಯನ್ನು ಅದೇ ವಾರ ಬಿಚ್ಚಿ ಹಾಕಿದ್ದರು. ಇದ್ದುದು ಬೆಂಗಳೂರಿನಿಂದ ಬಂದಿದ್ದ ಅತ್ತೆಯ ಮೊಮ್ಮಗನ ಹೊಸ ವಾಹನ. ಸ್ವಿಚ್ಚೂ ಮೋಡೂ ಉಳ್ಳದ್ದು. ಹುಡುಗನಿಗೆ ಕೈ ನಡುಗುತ್ತಿತ್ತು. ಜೀಪಿನ ಡ್ರೈವರರನ್ನೇ ಕರೆಸಿದೆವು. ಮೂವತ್ತು ವರ್ಷ ಆ ಏರಿನಲ್ಲಿ ಅಡಿಕೆ ಚೀಲವನ್ನೂ ಬಸುರಿಯರನ್ನೂ ಹೊತ್ತು ಹತ್ತಿದವರು. ಮಳೆಗಾಲದಲ್ಲಿ ಜನರನ್ನು ಕೊಡಚಾದ್ರಿಗೆ ಏರಿಸಿದ ಕೈ.

ಅವರು ಬಂದು, ಟಾರ್ಚು ಹಿಡಿದು, ಮೊದಲು ಆ ಹಾದಿಯಲ್ಲಿ ನಡೆದು ನೋಡಿದರು. ಆಮೇಲೆ ನಾಲ್ಕೂ ಟಯರಿನ ಗಾಳಿಯನ್ನು ಕಡ್ಡಿಯಿಂದ ಒತ್ತಿ ಇಳಿಸಿದರು. ಹುಡುಗ ಸ್ವಿಚ್ಚಿನ ಕಡೆ ಕೈ ಚಾಚಿ ಕೆಸರಿನ ಚಿತ್ರಕ್ಕೆ ತಿರುಗಿಸಿದ. ‘ಅದ್ಕೆ ಕಲ್ಲ್ ಕಾಣತ್ತಾ ಮಾರಾಯ?’ ಎಂದರು ಅವರು. ಆದರೆ ತೆಗೆಯೆಂದು ಹೇಳಲಿಲ್ಲ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ನಮ್ಮ ತೊಡೆಗೆ ಒರಗಿಸಿಕೊಂಡೆವು.

ಮುಕ್ಕಾಲು ಹಾದಿ ಸುಸೂತ್ರವಾಯಿತು. ಆಮೇಲೆ ನೀರು ಕೊರೆದ ಹಳ್ಳ. ಓರೆಯಾಗಿ ಇಳಿಸಿದರು, ಎಡಗಡೆಯ ಮುಂಚಕ್ರವೂ ಬಲಗಡೆಯ ಹಿಂಚಕ್ರವೂ ತೇಲಿದವು. ಚಕ್ರ ತಿರುಗುವ ಸದ್ದು ಕೇಳಿದೊಡನೆ ಅವರು ಕಾಲು ತೆಗೆದರು. ಅದೇ ಹಳಬರ ಶಿಸ್ತು: ಚಕ್ರ ಬರಿದೆ ತಿರುಗಿದರೆ ಕಾಲು ಎತ್ತು, ಇಲ್ಲದಿದ್ದರೆ ಇನ್ನೂ ಹೂಳುವೆ. ಮತ್ತೊಮ್ಮೆ ಒತ್ತಿದರು, ಚಕ್ರ ತಿರುಗಿತು, ಕಾಲು ತೆಗೆದರು. ಮೂರನೆಯ ಸಲ ವಾಹನ ಒಂದಡಿ ಹಿಂದಕ್ಕೆ ಜಾರಿತು. ಆ ಕಡೆ ಹತ್ತಾಳು ಕೆಳಗೆ ತೋಟ. ಅತ್ತೆಯ ಉಸಿರಿನ ಸದ್ದಲ್ಲದೆ ಬೇರೆ ಮಾತಿಲ್ಲ. ಆಗ ಹುಡುಗ ಹೇಳಿದ: ‘ಮಾಮ, ಕಾಲು ತೆಗೆಯಬೇಡಿ. ಚಕ್ರ ತಿರುಗಿದರೆ ತಿರುಗಲಿ, ಹಾಗೇ ಹದವಾಗಿ ಹಿಡಿದುಕೊಳ್ಳಿ.’ ಅವರು ಒಂದು ಕ್ಷಣ ಅವನ ಮುಖ ನೋಡಿದರು. ಹಿಡಿದುಕೊಂಡರು. ಚಕ್ರ ತಿರುಗಿತು, ಕೆಳಗಿನಿಂದ ಕರಕರ ಎಂಬ ಸದ್ದು, ವಾಹನವಿಡೀ ನಡುಗಿತು, ಒಂದೆರಡು ಕ್ಷಣ ಏನೂ ಆಗಲಿಲ್ಲ, ತರುವಾಯ ಯಾರೋ ಹಿಂದಿನಿಂದ ದೂಡಿದಂತೆ ಹಳ್ಳದಿಂದ ಎದ್ದು ನಿಂತಿತು. ಆ ಕರಕರವೇ ಬ್ರೇಕು ಹಿಡಿದು ಬಿಡುವ ಸದ್ದು. ಕಾಲು ತೆಗೆದೊಡನೆ ಯಂತ್ರಕ್ಕೆ ಕೆಲಸ ಮಾಡಲು ಅವಕಾಶವೇ ಇಲ್ಲವಾಗುತ್ತಿತ್ತು. ಮೂವತ್ತು ವರ್ಷ ಕಾಪಾಡಿದ ಅಭ್ಯಾಸವೇ ಆ ಗಳಿಗೆಯಲ್ಲಿ ಅಡ್ಡಿಯಾಯಿತು. ಅತ್ತೆ ಆಸ್ಪತ್ರೆ ಸೇರಿದರು. ಒಂಬತ್ತು ದಿನಗಳ ಬಳಿಕ ಮನೆಗೆ ಮರಳಿದರು.

ಇಷ್ಟೇ ಆಗಿದ್ದರೆ ಯಂತ್ರಕ್ಕೆ ಜಯವೆಂದು ಬರೆದು ಮುಗಿಸಬಹುದಿತ್ತು. ಮಾರನೆಯ ಬೆಳಿಗ್ಗೆ ಹುಡುಗನು ಒಬ್ಬನೇ, ಅದೇ ವಾಹನದಲ್ಲಿ, ಅದೇ ಕೆಸರಿನ ಮೋಡ್‌ನಲ್ಲಿ, ಅದೇ ಹಾದಿಯಲ್ಲಿ ಬಟ್ಟೆಬರೆ ತರಲು ಕೆಳಗಿಳಿದ. ರಾತ್ರಿ ಡ್ರೈವರರು ಯಾವ ಕಲ್ಲನ್ನು ಬಲಕ್ಕೆ ಬಿಟ್ಟು ಚಕ್ರವನ್ನು ದಿಣ್ಣೆಯ ಮೇಲೆ ಹಾಯಿಸಿದ್ದರೋ, ಅದೇ ಕಲ್ಲಿನ ಮೇಲೆ ವಾಹನದ ಹೊಟ್ಟೆಯನ್ನು ಕೂರಿಸಿದ. ಚಕ್ರಗಳು ಗಾಳಿಯಲ್ಲಿ, ಸ್ವಿಚ್ಚನ್ನು ಎತ್ತ ತಿರುಗಿಸಿದರೂ ಫಲವಿಲ್ಲ. ನೆಲವೇ ಸಿಗದ ಚಕ್ರಕ್ಕೆ ಬಲ ಹಂಚಿ ಏನು ಪ್ರಯೋಜನ? ಅದೇ ಡ್ರೈವರರು ಬಂದು, ಅಡಿಕೆ ಮರದ ತುಂಡನ್ನು ಸನ್ನೆಯಾಗಿ ಕೊಟ್ಟು, ಚಕ್ರದ ಕೆಳಗೆ ಕಲ್ಲು ತುಂಬಿ ಎತ್ತಿಸಿದರು. ಮಧ್ಯಾಹ್ನವಾಯಿತು.

ಮಳೆ ಬಿಟ್ಟ ಮೇಲೆ, ಕುತೂಹಲ ತಡೆಯದೆ, ಇಬ್ಬರೂ ಆ ಹಳ್ಳದಲ್ಲಿ ಪರೀಕ್ಷೆ ಮಾಡಿದರು. ನಾವು ದಂಡೆಯಲ್ಲಿ ನಿಂತು ನೋಡಿದೆವು. ಸಾಮಾನ್ಯ ರಸ್ತೆಯ ಸ್ಥಾನದಲ್ಲಿ ಬಿಟ್ಟಾಗ ಯಂತ್ರವು ಮೊದಲು ಎಂಜಿನನ್ನೇ ಅಡಗಿಸಿಬಿಡುತ್ತಿತ್ತು. ಬ್ರೇಕು ಹಿಡಿಯುವುದು ತಡವಾಗುತ್ತಿತ್ತು. ಕೆಸರಿನ ಮೋಡ್‌ನಲ್ಲಿ ಎಂಜಿನು ಅಡಗಲಿಲ್ಲ, ಬ್ರೇಕು ಬೇಗ ಹಿಡಿಯಿತು. ಮೂರನೆಯದಾಗಿ, ಮೋಡ್ ಮುಟ್ಟದೆ, ಲೋ ಗಿಯರಿಗೆ ಹಾಕಿ, ಜಾರು ತಡೆಯುವ ಸ್ವಿಚ್ಚನ್ನು ಆಫ್ ಮಾಡಿ, ಡ್ರೈವರರು ಕಾಲಿನ ಹದದಲ್ಲಿ ನಡೆಸಿದರು. ಕೆಸರಿನ ಮೋಡ್‌ನಲ್ಲಿ ಹತ್ತಿದಂತೆಯೇ ಹತ್ತಿತು. ಒಂದು ವಾಹನ, ಒಂದು ಹಳ್ಳದ ಮಾತು ಇದು. ಇದನ್ನೇ ಶಾಸ್ತ್ರವೆಂದು ನಾವು ಹೇಳುವುದಿಲ್ಲ. ಆದರೂ ನಮ್ಮ ಅಭಿಪ್ರಾಯ ಅಲ್ಲಿಂದ ಗಟ್ಟಿಯಾಯಿತು: ಬಲ್ಲವನಿಗೆ ಉಪಕಾರವಾಗುವುದು ಚಕ್ರಚಕ್ರಕ್ಕೆ ಬ್ರೇಕು ಹಿಡಿಯುವ ಯಂತ್ರದಿಂದ, ಡಿಫರೆನ್ಶಿಯಲ್ ಬೀಗದಿಂದ. ಚಿತ್ರ ಬರೆದ ಸ್ವಿಚ್ಚು ಅವನಿಗೆ ಕೊಡುವುದು ಬಹಳ ಸ್ವಲ್ಪ. ನಾಲ್ಕು ಕಡೆ ಕೈಯಾಡಿಸುವ ಬದಲು ಒಂದೇ ಕಡೆ ತಿರುಗಿಸಿದರಾಯಿತೆಂಬ ಸೌಕರ್ಯ. ಮಾರುತಿಯವರು 2023ರಲ್ಲಿ ತಂದ ಐದು ಬಾಗಿಲಿನ ಜಿಮ್ನಿಯಲ್ಲಿ ಇಂತಹ ಚಿತ್ರದ ಸ್ವಿಚ್ಚೇ ಇಲ್ಲ. ಕೈಯಿಂದ ಹಾಕುವ ಹಳೆಯ ಮಾದರಿಯ ಹೈ-ಲೋ ಹಿಡಿ, ಜೊತೆಗೆ ಚಕ್ರಕ್ಕೆ ಬ್ರೇಕು ಹಿಡಿಯುವ ಯಂತ್ರ. ಫೋರ್ಸ್ ಕಂಪೆನಿಯ ಗೂರ್ಖಾದಲ್ಲಿ ಮುಂದಿನ ಹಿಂದಿನ ಎರಡೂ ಡಿಫರೆನ್ಶಿಯಲ್ಲಿಗೆ ಬೀಗ. ಪಳಗಿದವರು ಇಂತಹುಗಳನ್ನು ಮೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಯಂತ್ರದ ಕುಂದು ಎಲ್ಲಿ ಎಂಬುದನ್ನೂ ಹೇಳಬೇಕು. ಅದಕ್ಕೆ ಚಕ್ರ ಜಾರಿದ ಮೇಲೆಯೇ ಜಾರಿತೆಂದು ತಿಳಿಯುವುದು. ಚಾಲಕನಿಗೆ ಹತ್ತು ಗಜ ಮೊದಲೇ, ನೆಲದ ಬಣ್ಣ ನೋಡಿ, ಮುಂದಿನ ವಾಹನದ ಜಾಡಿನಲ್ಲಿ ನಿಂತ ನೀರನ್ನು ನೋಡಿ ತಿಳಿಯುವುದು. ಮರಳಿನಲ್ಲಿ ಈ ತಾರತಮ್ಯ ಇನ್ನೂ ಸ್ಪಷ್ಟ. ಜೈಸಲ್ಮೇರಿನ ಕಡೆಯ ಮರಳುದಿಬ್ಬಗಳಲ್ಲಿ ವಾಹನ ಏರುವುದು ಓಟದ ರಭಸದಿಂದ. ದಿಬ್ಬದ ಅರ್ಧದಲ್ಲಿ ಯಂತ್ರ ಚಕ್ರ ಜಾರಿತೆಂದು ಎಂಜಿನನ್ನು ಅಡಗಿಸಿದರೆ ಕೆಲಸ ಕೆಟ್ಟಿತು. ಮರಳಿನ ಮೋಡ್ ಇದನ್ನು ಬಹುಮಟ್ಟಿಗೆ ತಡೆಯುವುದಾದರೂ, ಬಲ್ಲವರು ಅಲ್ಲಿ ಜಾರುತಡೆಯನ್ನೇ ಆಫ್ ಮಾಡುವರು. ಹೆಚ್ಚು ಹೊತ್ತು ಬ್ರೇಕಿನಿಂದಲೇ ಚಕ್ರ ಹಿಡಿಸಿದರೆ ಬ್ರೇಕು ಕಾಯುವುದೆಂಬುದೂ ಇದೆ. ಎಲ್ಲಕ್ಕಿಂತ ಮಿಗಿಲಾದುದು ಟಯರು. ರಸ್ತೆಯಲ್ಲಿ 30 ಪೌಂಡಿನ ಮೇಲಿರುವ ಗಾಳಿಯನ್ನು ಮರಳಿನಲ್ಲಿ 15ರಿಂದ 18ರವರೆಗೆ ಇಳಿಸಿದರೆ ಟಯರು ಹರವಾಗಿ ಒರಗಿ ವಾಹನ ತೇಲಿದಂತೆ ಹೋಗುವುದು. ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸದೆ ವೇಗವಾಗಿ ಓಡಿಸಬಾರದು. ಟಯರು ಕಾದು ಒಡೆಯುವ ಅಪಾಯವುಂಟು.

ಇಳಿಜಾರಿನ ವಿಷಯ ಬೇರೆ. ಲ್ಯಾಂಡ್ ರೋವರಿನವರೇ 1997ರ ಫ್ರೀಲ್ಯಾಂಡರ್ ವಾಹನದಲ್ಲಿ ಇಳಿಜಾರಿನಲ್ಲಿ ತಾನಾಗಿ ಬ್ರೇಕು ಹಿಡಿದು ವೇಗ ಕಾಯುವ ಏರ್ಪಾಟನ್ನು ತಂದರು. ಕಾರಣ ಸರಳ: ಆ ವಾಹನದಲ್ಲಿ ಲೋ ಗಿಯರು ಇರಲಿಲ್ಲ. ಲೋ ಗಿಯರಿನ ಒಂದನೆಯದಕ್ಕೆ ಹಾಕಿ, ಕ್ಲಚ್ಚು ಮುಟ್ಟದೆ, ಎಂಜಿನಿನ ತಡೆಯಲ್ಲಿಯೇ ಇಳಿಯಬಲ್ಲವನಿಗೆ ಇದು ಅಷ್ಟಾಗಿ ಬೇಕಾಗಿಲ್ಲ. ಚಕ್ರ ಜಾರತೊಡಗಿದರೆ ಅವನು ಬ್ರೇಕು ತುಳಿಯದೆ ತುಸು ಎಕ್ಸಿಲರೇಟರನ್ನೇ ಕೊಟ್ಟು ಚಕ್ರ ಉರುಳುವಂತೆ ಮಾಡಿ ಸ್ಟಿಯರಿಂಗನ್ನು ಕೈಗೆ ತಂದುಕೊಳ್ಳುತ್ತಾನೆ. ಆದರೆ ಆಟೊಮ್ಯಾಟಿಕ್ ಗಿಯರಿನ ವಾಹನದಲ್ಲಿ ಎಂಜಿನಿನ ತಡೆ ಅಷ್ಟು ಬಿಗಿಯಾಗಿರುವುದಿಲ್ಲ. ಅಲ್ಲಿ ಈ ಸ್ವಿಚ್ಚನ್ನು ಒತ್ತಲು ಹಳಬರು ನಾಚಬೇಕಾದುದಿಲ್ಲ.

ಇದಕ್ಕೆ ಸೇರಿದ ಒಂದು ಮಾತನ್ನು ಎಲ್ಲ ಹಳೆಯ ಡ್ರೈವರುಗಳೂ ಗಮನಿಸಬೇಕು. ಹಿಂದಿನ ವಾಹನಗಳಲ್ಲಿ ಜಾರುವ ನೆಲದ ಮೇಲೆ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸುವುದು ಜಾಣತನವಾಗಿತ್ತು. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯ. ಅದಿರುವ ವಾಹನದಲ್ಲಿ ಹೀಗೆ ಮಾಡಿದರೆ ನಿಲ್ಲುವ ದೂರ ಹೆಚ್ಚುವುದೇ ಹೊರತು ಕಡಿಮೆಯಾಗದು. ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಪೆಡಲು ಕಾಲಿನಡಿ ನಡುಗಿದರೆ ಹೆದರಬಾರದು. ಬಿಡಿಜಲ್ಲಿ, ಮರಳುಗಳ ಮೇಲೆ ಮಾತ್ರ ಎ.ಬಿ.ಎಸ್. ವಾಹನ ತುಸು ಹೆಚ್ಚು ದೂರ ಹೋಗಿ ನಿಲ್ಲುವುದುಂಟು. ಬೀಗ ಬಿದ್ದ ಚಕ್ರ ತನ್ನ ಮುಂದೆ ಜಲ್ಲಿಯ ಗುಪ್ಪೆ ಮಾಡಿಕೊಂಡು ನಿಲ್ಲುವಂತೆ ಇದು ನಿಲ್ಲುವುದಿಲ್ಲ.

ಪುಣೆಯ ಗೆಳೆಯರಿಗೆ ನಾವು ಬರೆದುದಿಷ್ಟು. ಯಜಮಾನರೊಡನೆ ವಾದಕ್ಕಿಳಿಯಬೇಡಿ. ಒಂದು ಭಾನುವಾರ ಅವರನ್ನೇ ಕೂರಿಸಿಕೊಂಡು, ಅಪಾಯವಿಲ್ಲದ ಕೆಸರಿನ ಬಯಲಿನಲ್ಲಿ, ಮೋಡ್ ಹಾಕಿಯೂ ಹಾಕದೆಯೂ ನಡೆಸಿ ತೋರಿಸಿ. ಕಾಲು ಎತ್ತದೆ ಹಿಡಿಯುವುದನ್ನು ನೀವೂ ಅಲ್ಲಿಯೇ ಅಭ್ಯಾಸ ಮಾಡಿಕೊಳ್ಳಿ. ಗಾಳಿ ಅಳೆಯುವ ಮುಳ್ಳನ್ನೂ ಗಾಳಿ ತುಂಬುವ ಸಣ್ಣ ಪಂಪನ್ನೂ ಕೊಡಿಸಿರೆಂದು ಕೇಳಿ. ಹಾದಿ ಕೆಟ್ಟಿದ್ದಲ್ಲಿ ಇಳಿದು ನಡೆದು ನೋಡುವುದಕ್ಕೆ ಹತ್ತು ನಿಮಿಷ ಕೊಡಬೇಕೆಂದು ಮೊದಲೇ ಹೇಳಿಬಿಡಿ. ಹೋಗಬಾರದೆಂದು ಕಂಡಲ್ಲಿ ಹೋಗಲಾರೆನೆನ್ನುವ ಅಧಿಕಾರ ಸ್ಟಿಯರಿಂಗು ಹಿಡಿದವನದೆಂದು ಯಜಮಾನರ ಬಾಯಿಂದಲೇ ಒಪ್ಪಿಸಿಕೊಳ್ಳಿ. ತಪ್ಪು ಯಾರದೆಂಬ ಪ್ರಶ್ನೆ ಆಮೇಲೆ ಏಳಬಾರದಾದರೆ ಈ ಮಾತು ಮೊದಲೇ ಆಗಬೇಕು.

ಕಳೆದ ಸಲ ಊರಿಗೆ ಹೋದಾಗ ಆ ಡ್ರೈವರರ ಮನೆಗೆ ಹೋಗಿದ್ದೆವು. ಅತ್ತೆಯ ಮೊಮ್ಮಗನು ಜಗಲಿಯಲ್ಲಿ ಕುಳಿತು ವಾಹನದ ಕೈಪಿಡಿಯನ್ನು ಅವರಿಗೆ ಓದಿ ಹೇಳುತ್ತಿದ್ದ. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಅವನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದ. ಮರಳು, ಕೆಸರು, ಹಿಮ, ಎಲ್ಲವೂ ಮುಗಿಯಿತು. ಅವರು ಎಲೆಯಡಿಕೆ ಮೆಲ್ಲುತ್ತ ಕೇಳಿದುದು ಒಂದೇ ಪ್ರಶ್ನೆ:

‘ಟಯರಿನ ಗಾಳಿ ಇಳ್ಸುಕೆ ಸ್ವಿಚ್ ಇಲ್ಯಾ?’